ಯುದ್ಧದ ಭಾರ ಮತ್ತು ಅಮೆರಿಕದ ಜನಾಭಿಪ್ರಾಯ

ಯುದ್ಧವನ್ನೂ ಪರದೇಶಗಳ ವ್ಯವಹಾರದಲ್ಲಿ ತಮ್ಮ ಸರ್ಕಾರ ನಡೆಸುವ ಹಸ್ತಕ್ಷೇಪವನ್ನೂ ಅಮೆರಿಕದ ಜನರು ನೋಡುವ ಬಗೆ ಕಳೆದ ಒಂದು ಶತಮಾನದಲ್ಲಿ ಹಲವು ಬಾರಿ ಬದಲಾಗಿದೆ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಯುರೋಪಿನ ಜಗಳ ತಮಗೆ ಬೇಡವೆಂದಿದ್ದ ಜನರೇ 1945ರ ಬಳಿಕ ಸಾಗರದಾಚೆಯ ಹತ್ತಾರು ದೇಶಗಳಲ್ಲಿ ತಮ್ಮ ಸೈನ್ಯ ನೆಲೆಯೂರುವುದನ್ನು ಒಪ್ಪಿದರು. ವಿಯೆಟ್ನಾಂ ಯುದ್ಧದ ನಂತರ ಹಿಂಜರಿದರು. 2001ರ ಸೆಪ್ಟೆಂಬರ್ 11ರ ದಾಳಿಯ ಬೆನ್ನಿಗೇ ಮತ್ತೆ ಯುದ್ಧಕ್ಕೆ ಸಮ್ಮತಿಸಿದರು. ಇರಾಕ್ ಮತ್ತು ಅಫ್ಘಾನಿಸ್ತಾನದ ಅನುಭವದಿಂದ ಪುನಃ ಬೇಸತ್ತರು. ಇದನ್ನು ಗಡಿಯಾರದ ಲೋಲಕದ ಓಲಾಟವೆಂಬಂತೆ ವಿವರಿಸುವುದು ಇತಿಹಾಸಕಾರರಲ್ಲೂ ಪತ್ರಕರ್ತರಲ್ಲೂ ವಾಡಿಕೆಯಾಗಿದೆ. ಈ ವಿವರಣೆ ಸುಳ್ಳೆನ್ನಲಾಗದಿದ್ದರೂ ಅದರಲ್ಲೊಂದು ದೊಡ್ಡ ಪ್ರಶ್ನೆ ಮರೆಯಾಗುತ್ತದೆ. ಜನರ ಮನಸ್ಸು ಯುದ್ಧಕ್ಕೆ ವಿಮುಖವಾದ ಮೇಲೂ ಯುದ್ಧಗಳು ನಡೆಯುತ್ತಲೇ ಇವೆಯೆಂದರೆ, ಆ ಮನಸ್ಸಿಗೆ ಹಿಂದೆ ಇದ್ದ ಬಲ ಎಲ್ಲಿ ಹೋಯಿತು?

ಈ ಪ್ರಶ್ನೆಯ ಬೆಳಕಿನಲ್ಲಿ ನೋಡಿದರೆ, ಅಮೆರಿಕದಲ್ಲಿ ಆದ ದೊಡ್ಡ ಬದಲಾವಣೆ ಅಭಿಪ್ರಾಯಗಳ ಮಟ್ಟದ್ದಕ್ಕಿಂತ ಹೆಚ್ಚಾಗಿ ಯುದ್ಧಕ್ಕೂ ಪ್ರಜೆಗೂ ನಡುವಿನ ಸಂಬಂಧದ್ದು ಎಂಬುದು ಕಾಣುತ್ತದೆ. ಒಂದು ಕಾಲದಲ್ಲಿ ಯುದ್ಧವೆಂದರೆ ಪ್ರಜೆ ಮೂರು ಸಂಗತಿಗಳನ್ನು ಕೊಡಬೇಕಾಗಿತ್ತು: ಕಡ್ಡಾಯ ಸೇನಾಭರ್ತಿಯ ಮೂಲಕ ತನ್ನ ಮಗನನ್ನು, ತೆರಿಗೆಯ ಮೂಲಕ ತನ್ನ ದುಡಿಮೆಯ ಪಾಲನ್ನು, ತಾನು ಆರಿಸಿ ಕಳಿಸಿದ ಪ್ರತಿನಿಧಿಯ ಬಹಿರಂಗ ಮತದ ಮೂಲಕ ತನ್ನ ಒಪ್ಪಿಗೆಯನ್ನು. ಕೊಡುವವನಿಗೆ ನಿರಾಕರಿಸುವ ಶಕ್ತಿಯೂ ಇರುತ್ತದೆ. ಇಪ್ಪತ್ತನೆಯ ಶತಮಾನದ ನಡುಭಾಗದಿಂದೀಚೆಗೆ ಈ ಮೂರೂ ಒಂದೊಂದಾಗಿ ಕಳಚಿಕೊಂಡವು, ಅವುಗಳೊಂದಿಗೆ ನಿರಾಕರಣೆಯ ಶಕ್ತಿಯೂ ಕುಂದಿತು.

ಗಣರಾಜ್ಯವನ್ನು ಕಟ್ಟಿದ ತಲೆಮಾರಿನವರು ಹೊರಗಿನ ಜಗಳಗಳಿಂದ ದೂರವಿರುವುದೇ ಸ್ವಾತಂತ್ರ್ಯಕ್ಕೆ ಕ್ಷೇಮವೆಂದು ನಂಬಿದ್ದರು. ಜಾರ್ಜ್ ವಾಷಿಂಗ್ಟನ್ 1796ರ ತಮ್ಮ ವಿದಾಯ ಸಂದೇಶದಲ್ಲಿ ಪರದೇಶಗಳೊಡನೆ ಕಾಯಂ ಮೈತ್ರಿಗಳು ಬೇಡವೆಂದು ಎಚ್ಚರಿಸಿದರು. ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜಾನ್ ಕ್ವಿನ್ಸಿ ಆಡಮ್ಸ್ 1821ರ ಜುಲೈ 4ರ ಭಾಷಣದಲ್ಲಿ, ಪರರ ಸ್ವಾತಂತ್ರ್ಯಕ್ಕೆ ಅಮೆರಿಕ ಶುಭ ಕೋರಬಹುದೇ ವಿನಾ ಅದಕ್ಕಾಗಿ ಹೊರನಾಡಿನಲ್ಲಿ ಶತ್ರುಗಳನ್ನು ಹುಡುಕಿಕೊಂಡು ಹೋಗಬಾರದೆಂದರು. ಆದರೆ ಈ ಸಂಯಮ ಯುರೋಪಿನ ಬಲಿಷ್ಠ ರಾಜ್ಯಗಳ ಮಟ್ಟಿಗೆ ಮಾತ್ರ ಅನ್ವಯಿಸುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಮೂಲನಿವಾಸಿ ಜನಾಂಗಗಳಿಗಾಗಲಿ, 1846ರಿಂದ 1848ರವರೆಗಿನ ಯುದ್ಧದಲ್ಲಿ ತನ್ನ ನೆಲದ ಬಹುದೊಡ್ಡ ಭಾಗವನ್ನು ಕಳೆದುಕೊಂಡ ಮೆಕ್ಸಿಕೊಗಾಗಲಿ ಅದರ ಫಲ ದೊರೆಯಲಿಲ್ಲ. 1898ರಲ್ಲಿ ಸ್ಪೇನಿನಿಂದ ಪಡೆದ ಫಿಲಿಪೈನ್ಸ್ ದ್ವೀಪಗಳ ಜನ ಸ್ವಾತಂತ್ರ್ಯಕ್ಕಾಗಿ ಹೋರಾಡಿದಾಗ ನಡೆದ ಯುದ್ಧದಲ್ಲಿ ಅಮೆರಿಕದ ಸುಮಾರು 4,200 ಸೈನಿಕರು ಸತ್ತರೆ, ಹಿಂಸೆ, ಹಸಿವು ಮತ್ತು ಕಾಲರಾದಿಂದ ಸತ್ತ ಫಿಲಿಪಿನೊ ನಾಗರಿಕರ ಸಂಖ್ಯೆ 2 ಲಕ್ಷದಷ್ಟಾಗಿತ್ತು. ಮಾರ್ಕ್ ಟ್ವೇನ್, ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಮೊದಲಾದವರು ಸೇರಿದ್ದ ಸಾಮ್ರಾಜ್ಯಶಾಹಿ ವಿರೋಧಿ ಸಂಘವು ಈ ಯುದ್ಧವನ್ನು ಖಂಡಿಸಿತಾದರೂ ಜನರ ಬಹುಮತವನ್ನು ಗೆಲ್ಲಲಾಗಲಿಲ್ಲ. ಸಣ್ಣ ವೃತ್ತಿಪರ ಸೈನ್ಯ ಮತ್ತು ಸ್ವಯಂಸೇವಕರು ದೂರದ ದ್ವೀಪಗಳಲ್ಲಿ ನಡೆಸುತ್ತಿದ್ದ ಆ ಯುದ್ಧ ಬಹುಪಾಲು ಮನೆಗಳ ಬಾಗಿಲು ತಟ್ಟಿರಲೇ ಇಲ್ಲ.

ಮೊದಲನೆಯ ಮಹಾಯುದ್ಧ ಆ ಬಾಗಿಲನ್ನು ತಟ್ಟಿತು. ದೇಶವನ್ನು ಯುದ್ಧದಿಂದ ದೂರವಿಟ್ಟವರೆಂಬ ಪ್ರಚಾರದ ಬಲದಿಂದ 1916ರಲ್ಲಿ ಮರು ಆಯ್ಕೆಯಾದ ವುಡ್ರೋ ವಿಲ್ಸನ್ 1917ರ ಏಪ್ರಿಲ್‌ನಲ್ಲಿ ಜರ್ಮನಿಯ ಮೇಲೆ ಯುದ್ಧ ಘೋಷಿಸುವಂತೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸನ್ನು ಕೇಳಿದರು, ಮರು ತಿಂಗಳೇ ಕಡ್ಡಾಯ ಸೇನಾಭರ್ತಿಯ ಕಾಯ್ದೆ ಬಂತು. ಒಂದೂವರೆ ವರ್ಷದಲ್ಲಿ ಸುಮಾರು 1,16,000 ಅಮೆರಿಕನ್ ಸೈನಿಕರು ಸತ್ತರು, ಮತ್ತು ಅದರ ಪ್ರತಿಫಲವಾಗಿ ಭರವಸೆಯಿತ್ತಿದ್ದ ಶಾಶ್ವತ ಶಾಂತಿ ಬರಲಿಲ್ಲ. ಮುಂದಿನ ಎರಡು ದಶಕಗಳ ಯುದ್ಧವಿಮುಖತೆಯನ್ನು ಅಜ್ಞಾನವೆಂದೋ ಸಂಕುಚಿತತೆಯೆಂದೋ ತಳ್ಳಿಹಾಕುವ ಬರಹಗಳು ಈ ಸಾವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸೆನೆಟರ್ ಜೆರಾಲ್ಡ್ ನೈ ಅವರ ಅಧ್ಯಕ್ಷತೆಯ ಸಮಿತಿಯು 1934ರಿಂದ 1936ರವರೆಗೆ ಮದ್ದುಗುಂಡು ತಯಾರಕರು ಯುದ್ಧದಿಂದ ಗಳಿಸಿದ ಲಾಭವನ್ನು ಸಾರ್ವಜನಿಕವಾಗಿ ತನಿಖೆ ಮಾಡಿತು; 1935ರಿಂದ ಮೊದಲ್ಗೊಂಡು ಸಾಲಾಗಿ ತಟಸ್ಥತೆಯ ಕಾಯ್ದೆಗಳು ಬಂದವು.

ಆ ಕಾಲದ ಮನೋಭಾವವನ್ನು ಅರಿಯಲು ಇಂದು ಬಹುಮಟ್ಟಿಗೆ ಮರೆತುಹೋಗಿರುವ ಒಂದು ಪ್ರಸ್ತಾವವನ್ನು ಪರಿಶೀಲಿಸುವುದು ಉಪಯುಕ್ತ. ಇಂಡಿಯಾನಾ ರಾಜ್ಯದ ಪ್ರತಿನಿಧಿ ಲೂಯಿಸ್ ಲಡ್ಲೋ ಸಂವಿಧಾನಕ್ಕೆ ಒಂದು ತಿದ್ದುಪಡಿಯನ್ನು ಸೂಚಿಸಿದ್ದರು. ದೇಶದ ಮೇಲೆ ನೇರ ಆಕ್ರಮಣವಾದ ಸಂದರ್ಭವನ್ನು ಬಿಟ್ಟರೆ, ಕಾಂಗ್ರೆಸ್ಸಿನ ಯುದ್ಧ ಘೋಷಣೆಯು ದೇಶವ್ಯಾಪಿ ಜನಮತಗಣನೆಯಲ್ಲಿ, ಅಂದರೆ ಎಲ್ಲ ಮತದಾರರೂ ನೇರವಾಗಿ ಭಾಗವಹಿಸುವ ಮತದಾನದಲ್ಲಿ, ಬಹುಮತ ಪಡೆದ ಮೇಲಷ್ಟೇ ಜಾರಿಗೆ ಬರಬೇಕೆಂಬುದು ಅದರ ತಿರುಳು. ಇಂಥ ಮತದಾನಕ್ಕೆ ಬಹುಸಂಖ್ಯಾತರ ಬೆಂಬಲವಿದೆಯೆಂದು ಆಗತಾನೆ ಆರಂಭವಾಗಿದ್ದ ಗ್ಯಾಲಪ್ ಸಮೀಕ್ಷೆಗಳು ತೋರಿಸಿದವು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಇದನ್ನು ವಿರೋಧಿಸಿ ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಅಧ್ಯಕ್ಷರಿಗೆ ಪತ್ರ ಬರೆಯಬೇಕಾಯಿತು. 1938ರ ಜನವರಿಯಲ್ಲಿ ಅದನ್ನು ಚರ್ಚೆಗೆ ಎತ್ತಿಕೊಳ್ಳಬೇಕೇ ಎಂಬ ಪ್ರಶ್ನೆ ಮತಕ್ಕೆ ಬಂದಾಗ 188 ಸದಸ್ಯರು ಪರವಾಗಿಯೂ 209 ಮಂದಿ ವಿರುದ್ಧವಾಗಿಯೂ ಮತ ಹಾಕಿದರು. ತಿದ್ದುಪಡಿಯ ವಿವೇಕದ ಬಗ್ಗೆ ಭಿನ್ನಾಭಿಪ್ರಾಯ ಸಹಜ, ಏಕೆಂದರೆ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಲು ಎರಡೇ ತಿಂಗಳು ಉಳಿದಿತ್ತು. ಆದರೆ ಯುದ್ಧದ ನಿರ್ಧಾರ ತಮ್ಮದಾಗಬೇಕೆಂದು ಸಾಮಾನ್ಯ ಜನರು ಕೇಳಿದ ಹಕ್ಕಿಗೆ ಚರ್ಚೆಯ ಅವಕಾಶ ಕೆಲವೇ ಮತಗಳಿಂದ ತಪ್ಪಿಹೋಯಿತೆಂಬುದು ಮುಖ್ಯ. ಅದೇ ಹಕ್ಕನ್ನು ಇಂದು ಯಾರೂ ಗಂಭೀರವಾಗಿ ಕೇಳುತ್ತಿಲ್ಲ.

ಯುದ್ಧವಿಮುಖತೆಗೆ ಒಂದು ಕರಾಳ ಮುಖವೂ ಇತ್ತು. 1939ರಲ್ಲಿ ಸೇಂಟ್ ಲೂಯಿಸ್ ಎಂಬ ಹಡಗಿನಲ್ಲಿ ಬಂದ 900ಕ್ಕೂ ಹೆಚ್ಚು ಯಹೂದಿ ನಿರಾಶ್ರಿತರಿಗೆ ಅಮೆರಿಕ ತನ್ನ ದಡವನ್ನು ನಿರಾಕರಿಸಿತು, ಅವರಲ್ಲಿ 254 ಮಂದಿ ಮುಂದೆ ನಾಜಿ ನರಮೇಧಕ್ಕೆ ಬಲಿಯಾದರು. ಯುದ್ಧಪ್ರವೇಶವನ್ನು ವಿರೋಧಿಸುತ್ತಿದ್ದ ಅಮೆರಿಕ ಫಸ್ಟ್ ಸಮಿತಿಯ ಪ್ರಸಿದ್ಧ ವಕ್ತಾರರಾಗಿದ್ದ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ 1941ರ ಸೆಪ್ಟೆಂಬರ್‌ನಲ್ಲಿ ದೇಶವನ್ನು ಯುದ್ಧಕ್ಕೆ ತಳ್ಳುತ್ತಿರುವವರ ಸಾಲಿನಲ್ಲಿ ಯಹೂದಿಗಳನ್ನು ಹೆಸರಿಸಿದರು. ಪರರ ಜಗಳ ಬೇಡವೆನ್ನುವ ಮಾತು ಪರರ ಸಂಕಟ ತಮಗೆ ಸಂಬಂಧಿಸಿದ್ದಲ್ಲವೆನ್ನುವ ಮಾತಾಗಿ ಬದಲಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆದ್ದರಿಂದ ಹಸ್ತಕ್ಷೇಪದ ವಿರೋಧವೆಲ್ಲವೂ ಸದ್ಗುಣವೆಂದು ಈ ಚರ್ಚೆಯಲ್ಲಿ ಭಾವಿಸಬೇಕಾಗಿಲ್ಲ.

1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಜಪಾನ್ ನಡೆಸಿದ ದಾಳಿ ವಾದಗಳನ್ನೆಲ್ಲ ಮುಗಿಸಿತು. ಮೊಂಟಾನಾದ ಪ್ರತಿನಿಧಿ ಜೆನೆಟ್ ರ‍್ಯಾಂಕಿನ್, 1917ರಲ್ಲೂ ಯುದ್ಧಕ್ಕೆ ವಿರುದ್ಧವಾಗಿ ಮತ ಹಾಕಿದ್ದವರು, ಈ ಸಲ 388 ಮತಗಳ ಎದುರು ಏಕಾಂಗಿಯಾಗಿ ನಿಂತರು. ಆ ಯುದ್ಧದ ಭಾರವನ್ನು ದೇಶವಿಡೀ ಹೊತ್ತಿತು. 1.6 ಕೋಟಿ ಜನ ಸೇನೆಯಲ್ಲಿ ಸೇವೆ ಸಲ್ಲಿಸಿದರು, 4 ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿಯವರೆಗೆ ಶ್ರೀಮಂತರಿಗಷ್ಟೇ ಸೀಮಿತವಾಗಿದ್ದ ಆದಾಯ ತೆರಿಗೆ ಯುದ್ಧಕಾಲದಲ್ಲಿ ಸಾಮಾನ್ಯ ಸಂಬಳದಾರರಿಗೂ ವ್ಯಾಪಿಸಿತು. ಅತಿ ಹೆಚ್ಚಿನ ಆದಾಯದ ಮೇಲಿನ ದರ 94 ಪ್ರತಿಶತ ಮುಟ್ಟಿತು. ಹೊತ್ತ ಭಾರದ ಜೊತೆಗೆ ಗೆಲುವಿನ ಸಮಾಧಾನವೂ ಸೇರಿದ್ದರಿಂದ ಯುದ್ಧಾನಂತರದ ತಲೆಮಾರು ಸರ್ಕಾರದ ಮಾತನ್ನು ನಂಬಲು ಕಲಿಯಿತು. ಆ ನಂಬಿಕೆಯ ನೆರಳಿನಲ್ಲೇ ಮೊದಲನೆಯ ಕಳಚುವಿಕೆ ನಡೆಯಿತು. 1942ರ ಜೂನ್‌ನಲ್ಲಿ ಬಲ್ಗೇರಿಯಾ, ಹಂಗೇರಿ, ರುಮೇನಿಯಾಗಳ ಮೇಲೆ ಮಾಡಿದ್ದೇ ಕಾಂಗ್ರೆಸ್ಸಿನ ಕೊನೆಯ ವಿಧಿವತ್ತಾದ ಯುದ್ಧ ಘೋಷಣೆ. 1950ರಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಕೊರಿಯಾಕ್ಕೆ ಸೈನ್ಯ ಕಳಿಸಿದಾಗ ಅದನ್ನು ವಿಶ್ವಸಂಸ್ಥೆಯ ಪೊಲೀಸ್ ಕಾರ್ಯಾಚರಣೆಯೆಂದು ಕರೆಯಲಾಯಿತು, ಯುದ್ಧ ಘೋಷಿಸುವ ಅಧಿಕಾರವನ್ನು ಸಂವಿಧಾನ ಕೊಟ್ಟಿದ್ದ ಕಾಂಗ್ರೆಸ್ಸಿನ ಅನುಮತಿಯನ್ನು ಕೇಳಲಿಲ್ಲ. 36,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತ ಒಂದು ಯುದ್ಧಕ್ಕೆ ಯುದ್ಧವೆಂಬ ಅಧಿಕೃತ ಹೆಸರೂ ಇರಲಿಲ್ಲ.

ವಿಯೆಟ್ನಾಂ ಈ ನಂಬಿಕೆಯನ್ನು ಮುರಿಯಿತು. 1964ರ ಆಗಸ್ಟ್‌ನಲ್ಲಿ ಟೊಂಕಿನ್ ಕೊಲ್ಲಿಯ ನಿರ್ಣಯವನ್ನು ಪ್ರತಿನಿಧಿ ಸಭೆ 416-0ರಿಂದಲೂ ಸೆನೆಟ್ 88-2ರಿಂದಲೂ ಅಂಗೀಕರಿಸಿ ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ ಹೆಚ್ಚುಕಡಿಮೆ ಖಾಲಿ ಚೆಕ್ಕನ್ನೇ ಕೊಟ್ಟವು. 1965ರ ಆಗಸ್ಟ್‌ನಲ್ಲಿ ಸೈನ್ಯ ಕಳಿಸಿದ್ದು ತಪ್ಪೆಂದು ಗ್ಯಾಲಪ್‌ಗೆ ಹೇಳಿದವರು 24 ಪ್ರತಿಶತ; 1971ರಲ್ಲಿ ಹಾಗೆ ಹೇಳಿದವರು 61 ಪ್ರತಿಶತ. ಈ ತಿರುವಿಗೆ ರಾಜಕೀಯ ವಿಜ್ಞಾನಿ ಜಾನ್ ಮುಲ್ಲರ್ 1973ರ ತಮ್ಮ ಗ್ರಂಥದಲ್ಲಿ ಕೊಟ್ಟ ವಿವರಣೆ ಪ್ರಸಿದ್ಧವಾಗಿದೆ: ಕೊರಿಯಾದಲ್ಲಾಗಲಿ ವಿಯೆಟ್ನಾಂನಲ್ಲಾಗಲಿ, ಅಮೆರಿಕನ್ ಸಾವುನೋವು ಏರಿದಂತೆ ಬೆಂಬಲ ಇಳಿಯಿತು, ಮೊದಮೊದಲಿನ ಸಾವುಗಳಿಗೆ ವೇಗವಾಗಿ, ಆಮೇಲಿನವಕ್ಕೆ ನಿಧಾನವಾಗಿ. ದೂರದರ್ಶನದ ಚಿತ್ರಗಳಿಗಾಗಲಿ ವಿದ್ಯಾರ್ಥಿಗಳ ಮೆರವಣಿಗೆಗಳಿಗಾಗಲಿ ಜನಪ್ರಿಯ ನೆನಪು ಕೊಡುವಷ್ಟು ಪಾತ್ರವನ್ನು ಈ ಅಧ್ಯಯನ ಕೊಡುವುದಿಲ್ಲ.

ಭಾರಕ್ಕೂ ಅಭಿಪ್ರಾಯಕ್ಕೂ ಇರುವ ನಂಟಿಗೆ ಇನ್ನೂ ನೇರವಾದ ಸಾಕ್ಷ್ಯವೊಂದಿದೆ. 1969ರ ಡಿಸೆಂಬರ್ 1ರಂದು ಸೇನಾಭರ್ತಿಗೆ ಯಾರನ್ನು ಮೊದಲು ಕರೆಯಬೇಕೆಂದು ನಿರ್ಧರಿಸಲು ವರ್ಷದ 366 ಜನ್ಮದಿನಾಂಕಗಳ ಚೀಟಿ ಎತ್ತಲಾಯಿತು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದ ಯುವಕರಿಗೆ ಕರೆ ಬರುವುದು ಹೆಚ್ಚುಕಡಿಮೆ ಖಚಿತ, ಪಟ್ಟಿಯ ಕೊನೆಯಲ್ಲಿದ್ದವರು ಸುರಕ್ಷಿತ. ಹುಟ್ಟಿದ ದಿನಕ್ಕೂ ರಾಜಕೀಯ ನಂಬಿಕೆಗೂ ಸಂಬಂಧವಿಲ್ಲವಾದ್ದರಿಂದ, ತಮ್ಮಷ್ಟಕ್ಕೆ ಒಂದೇ ಬಗೆಯ ಎರಡು ಗುಂಪುಗಳು ಆಕಸ್ಮಿಕವಾಗಿ ಬೇರೆ ಬೇರೆ ಅಪಾಯಕ್ಕೆ ಒಳಗಾದವು. ರಾಬರ್ಟ್ ಎರಿಕ್ಸನ್ ಮತ್ತು ಲಾರಾ ಸ್ಟೋಕರ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಗ ಕರೆ ಬರುವ ಸಂಖ್ಯೆ ಪಡೆದವರು ಹೆಚ್ಚು ಯುದ್ಧವಿರೋಧಿಗಳಾದದ್ದಷ್ಟೇ ಅಲ್ಲದೆ ದಶಕಗಳ ನಂತರವೂ ಆ ನಿಲುವಿನ ಗುರುತು ಅವರಲ್ಲಿ ಉಳಿದಿದ್ದುದು ಕಂಡುಬಂತು. ಯುದ್ಧದ ಬಗ್ಗೆ ಮನುಷ್ಯ ಎಷ್ಟು ಆಳವಾಗಿ ಯೋಚಿಸುತ್ತಾನೆಂಬುದು ಅದು ಅವನನ್ನು ಎಷ್ಟು ಮುಟ್ಟಬಲ್ಲದೆಂಬುದನ್ನು ಅವಲಂಬಿಸಿರುತ್ತದೆ ಎನ್ನಲು ಇದಕ್ಕಿಂತ ಬಲವಾದ ಆಧಾರ ಸಿಗುವುದು ಕಷ್ಟ.

ಕಡ್ಡಾಯ ಸೇನಾಭರ್ತಿ 1973ರಲ್ಲಿ ಕೊನೆಗೊಂಡಿತು. ಅದನ್ನು ಜನರೇ ಬೇಡವೆಂದದ್ದು, ಮತ್ತು ಬೇಡವೆನ್ನಲು ನ್ಯಾಯವಾದ ಕಾರಣಗಳಿದ್ದವು: ಕಾಲೇಜಿನಲ್ಲಿದ್ದವರಿಗೆ ವಿನಾಯಿತಿ ದೊರೆಯುತ್ತಿತ್ತು, ಬಡವರ ಹಾಗೂ ಕಪ್ಪು ಜನರ ಮಕ್ಕಳು ಮುಂಚೂಣಿಗೆ ಹೋಗುತ್ತಿದ್ದರು. ಅದೇ ವರ್ಷ ಅಧ್ಯಕ್ಷ ನಿಕ್ಸನ್‌ರ ವೀಟೊವನ್ನು ಮೀರಿ ಕಾಂಗ್ರೆಸ್ ಯುದ್ಧಾಧಿಕಾರ ನಿರ್ಣಯವನ್ನು ಜಾರಿಗೆ ತಂದು, ಅಧ್ಯಕ್ಷರು ಅನುಮತಿಯಿಲ್ಲದೆ ಸೈನ್ಯವನ್ನು ಕದನಕ್ಕಿಳಿಸಿದರೆ 60 ದಿನಗಳಲ್ಲಿ ಹಿಂತೆಗೆಯಬೇಕೆಂದು ವಿಧಿಸಿತು. ಯುದ್ಧದ ಮೇಲೆ ಜನರ ಹಿಡಿತ ಬಿಗಿಯಾಯಿತೆಂದು ಆಗ ಅನೇಕರು ಸಂತೋಷಪಟ್ಟರು. ಆದರೆ ಒಂದು ಕೈಯಿಂದ ಕಾನೂನಿನ ಕಡಿವಾಣ ಹಾಕುತ್ತಲೇ ಇನ್ನೊಂದು ಕೈಯಿಂದ ಮನೆಮನೆಗೂ ಯುದ್ಧದ ಚಿಂತೆಯನ್ನು ಮುಟ್ಟಿಸುತ್ತಿದ್ದ ವ್ಯವಸ್ಥೆಯನ್ನು ಕಳಚಲಾಗಿತ್ತು, ಆ ಚಿಂತೆಯಿಲ್ಲದೆ ಕಡಿವಾಣವನ್ನು ಎಳೆದು ಹಿಡಿಯುವವರು ಯಾರೂ ಉಳಿಯಲಿಲ್ಲ.

ಸಾಗರದಾಚೆಯ ಯುದ್ಧಕ್ಕೆ ಜನ ತೋರುವ ಹಿಂಜರಿಕೆಗೆ ವಿಯೆಟ್ನಾಂ ಸಿಂಡ್ರೋಮ್, ಅಂದರೆ ವಿಯೆಟ್ನಾಂನಿಂದ ಅಂಟಿದ ರೋಗಲಕ್ಷಣ, ಎಂಬ ಹೆಸರು 1980ರ ಹೊತ್ತಿಗೆ ಚಾಲ್ತಿಗೆ ಬಂತು. ವಿವೇಕವನ್ನು ಕಾಯಿಲೆಯೆಂದು ಕರೆದವರ ಉದ್ದೇಶ ಸ್ಪಷ್ಟವಾಗಿಯೇ ಇದೆ. ಆಡಳಿತಗಾರರು ಆ ಯುದ್ಧದಿಂದ ಕಲಿತ ಪಾಠ ಜನರು ಕಲಿತದ್ದಕ್ಕಿಂತ ಬೇರೆಯಾಗಿತ್ತು. ಯುದ್ಧ ಮಾಡಬಾರದೆಂದು ಜನ ತಿಳಿದರೆ, ಜನಕ್ಕೆ ಭಾರವಾಗದಂತೆ ಯುದ್ಧ ಮಾಡಬೇಕೆಂದು ಅವರು ತಿಳಿದರು. 1991ರ ಕೊಲ್ಲಿ ಯುದ್ಧದಲ್ಲಿ ನೆಲದ ಮೇಲಿನ ಕಾಳಗ ಸುಮಾರು 100 ಗಂಟೆಗಳಲ್ಲಿ ಮುಗಿಯಿತು, ವೆಚ್ಚದ ಬಹುಪಾಲನ್ನು ಮಿತ್ರದೇಶಗಳು ಕೊಟ್ಟವು. 1999ರಲ್ಲಿ ಕೊಸೊವೊ ಪ್ರಾಂತ್ಯದ ಸಂಘರ್ಷದ ಕಾರಣಕ್ಕೆ ಯುಗೊಸ್ಲಾವಿಯದ ಮೇಲೆ 78 ದಿನ ಬಾಂಬು ಹಾಕಲಾಯಿತು. ಪ್ರತಿನಿಧಿ ಸಭೆಯಲ್ಲಿ ಅದಕ್ಕೆ ಅನುಮೋದನೆ ನೀಡುವ ನಿರ್ಣಯ 213-213ರ ಸಮಮತದಿಂದ ಬಿದ್ದುಹೋದರೂ ಬಾಂಬು ದಾಳಿ ನಿಲ್ಲಲಿಲ್ಲ. ಶತ್ರುವಿನ ಗುಂಡಿಗೆ ಒಬ್ಬ ಅಮೆರಿಕನ್ನನೂ ಸಾಯದ ಆ ಯುದ್ಧದಲ್ಲಿ ಸುಮಾರು 500 ಯುಗೊಸ್ಲಾವ್ ನಾಗರಿಕರು ಸತ್ತರೆಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಲೆಕ್ಕ ಹಾಕಿತು. 2011ರಲ್ಲಿ ಲಿಬಿಯಾದ ಮೇಲಿನ ದಾಳಿ 60 ದಿನ ದಾಟಿದಾಗ ಒಬಾಮಾ ಆಡಳಿತ ಮಂಡಿಸಿದ ವಾದ ಈ ಇಡೀ ಬೆಳವಣಿಗೆಯ ತಾರ್ಕಿಕ ತುದಿಯಂತಿದೆ. ಅಮೆರಿಕನ್ ಸೈನಿಕರು ನೆಲಕ್ಕಿಳಿದಿಲ್ಲ, ಅವರಿಗೆ ಗಣನೀಯ ಅಪಾಯವಿಲ್ಲ, ಆದ್ದರಿಂದ ಇದು 1973ರ ಕಾನೂನಿನ ಅರ್ಥದಲ್ಲಿ ಕದನವೇ ಅಲ್ಲ ಎಂದು ಆಡಳಿತ ಹೇಳಿತು. ಬಾಂಬು ಬಿದ್ದವರ ಪಾಲಿಗೆ ಅದು ಏನಾಗಿತ್ತೆಂಬುದು ಈ ವಾದದಲ್ಲಿ ಪ್ರಶ್ನೆಯಾಗಿ ಏಳುವುದೇ ಇಲ್ಲ.

2001ರ ನಂತರದ ಯುದ್ಧಗಳು ಉಳಿದ ಬಂಧವನ್ನೂ ಕಳಚಿದವು. ಕೊರಿಯಾ ಯುದ್ಧಕ್ಕಾಗಿ ತೆರಿಗೆ ಏರಿತ್ತು, ವಿಯೆಟ್ನಾಂಗಾಗಿ 1968ರಲ್ಲಿ 10 ಪ್ರತಿಶತ ಹೆಚ್ಚುವರಿ ತೆರಿಗೆ ಬಂದಿತ್ತು. ಆದರೆ ಇರಾಕಿನ ಮೇಲೆ ದಾಳಿಯಾದ ಎರಡೇ ತಿಂಗಳಿಗೆ, 2003ರ ಮೇ ತಿಂಗಳಲ್ಲಿ, ತೆರಿಗೆಯನ್ನು ಇಳಿಸಲಾಯಿತು. ಯುದ್ಧಗಳು ಸಾಲದ ಹಣದಿಂದ ನಡೆದವು. ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಅಂದಾಜಿಸಿದಂತೆ ಒಟ್ಟು ವೆಚ್ಚ, ಮುಂದೆ ಸೈನಿಕರ ಆರೈಕೆಗೆ ಬೇಕಾಗುವುದನ್ನೂ ಸೇರಿಸಿ, ಸುಮಾರು 8 ಲಕ್ಷ ಕೋಟಿ ಡಾಲರ್. ಭಾರವನ್ನು ಜನರಿಗೆ ಮರಳಿಸುವ ಪ್ರಯತ್ನಗಳು ನಡೆಯದೆ ಇರಲಿಲ್ಲ. ಕೊರಿಯಾದಲ್ಲಿ ಹೋರಾಡಿದ್ದ ನ್ಯೂಯಾರ್ಕಿನ ಪ್ರತಿನಿಧಿ ಚಾರ್ಲ್ಸ್ ರಾಂಗೆಲ್, ನಾಯಕರ ಮಕ್ಕಳೂ ಯುದ್ಧಕ್ಕೆ ಹೋಗುವಂತಿದ್ದರೆ ಅವರು ಎರಡು ಬಾರಿ ಯೋಚಿಸಿಯಾರೆಂಬ ಉದ್ದೇಶದಿಂದ 2003ರಲ್ಲಿ ಕಡ್ಡಾಯ ಸೇವೆಯ ಮಸೂದೆ ತಂದರು; 2004ರಲ್ಲಿ ಅದು 402-2ರಿಂದ ಸೋತಿತು. ಹಣಕಾಸು ವಿನಿಯೋಗ ಸಮಿತಿಯ ಅಧ್ಯಕ್ಷ ಡೇವಿಡ್ ಓಬಿ 2009ರಲ್ಲಿ ಅಫ್ಘಾನಿಸ್ತಾನ ಯುದ್ಧಕ್ಕಾಗಿ ವಿಶೇಷ ತೆರಿಗೆಯನ್ನು ಸೂಚಿಸಿದರು, ಅದು ಮುಂದೆ ಸಾಗಲಿಲ್ಲ.

ಇದರ ಪರಿಣಾಮ 2006ರ ಚುನಾವಣೆಯ ನಂತರ ಎದ್ದುಕಂಡಿತು. ಇರಾಕ್ ಯುದ್ಧಕ್ಕೆ ಬೇಸತ್ತ ಮತದಾರರು ಆಡಳಿತ ಪಕ್ಷವನ್ನು ಎರಡೂ ಸದನಗಳಲ್ಲಿ ಸೋಲಿಸಿದರು. ಎರಡು ತಿಂಗಳ ನಂತರ ಅಧ್ಯಕ್ಷ ಜಾರ್ಜ್ ಬುಷ್ ಇನ್ನೂ 20,000ಕ್ಕೂ ಹೆಚ್ಚು ಸೈನಿಕರನ್ನು ಇರಾಕಿಗೆ ಕಳಿಸುವುದಾಗಿ ಘೋಷಿಸಿದರು. 2008ರಲ್ಲಿ ಆ ಯುದ್ಧ ತಪ್ಪೆಂದವರು 63 ಪ್ರತಿಶತಕ್ಕೇರಿದರು, ಅಂದರೆ ವಿಯೆಟ್ನಾಂ ವಿರೋಧದ ಉತ್ತುಂಗವನ್ನೂ ಮೀರಿದರು. ಆದರೂ 1968ರಲ್ಲಿ ಜಾನ್ಸನ್‌ರನ್ನು ಮರುಸ್ಪರ್ಧೆಯಿಂದ ಹಿಂದೆ ಸರಿಸಿದಂಥ ಒತ್ತಡ ಎಲ್ಲೂ ಹುಟ್ಟಲಿಲ್ಲ, ವಿಶ್ವವಿದ್ಯಾಲಯಗಳು ಶಾಂತವಾಗಿದ್ದವು. ಜನಸಂಖ್ಯೆಯ ಒಂದು ಪ್ರತಿಶತಕ್ಕಿಂತ ಕಡಿಮೆ ಮಂದಿ ಸೇನೆಯಲ್ಲಿದ್ದರು, ಉಳಿದವರ ಬದುಕು ಯಥಾಪ್ರಕಾರ ಸಾಗುತ್ತಿತ್ತು.

ಇದಕ್ಕೆ ಎದುರಾಗಿ, 2013ರಲ್ಲಿ ಸಿರಿಯಾದ ಮೇಲೆ ಯೋಜಿಸಿದ್ದ ದಾಳಿಯನ್ನು ತಡೆದದ್ದು ಜನಾಭಿಪ್ರಾಯವೇ ಅಲ್ಲವೇ ಎಂದು ಕೇಳಬಹುದು. ಆ ವರ್ಷ ಪ್ಯೂ ಸಮೀಕ್ಷೆಯಲ್ಲಿ 52 ಪ್ರತಿಶತ ಜನ ತಮ್ಮ ದೇಶ ತನ್ನ ಪಾಡಿಗೆ ತಾನಿರಬೇಕೆಂದಿದ್ದರು, ಒಬಾಮಾ ಕಾಂಗ್ರೆಸ್ಸಿನ ಅನುಮತಿ ಕೇಳಿದಾಗ ಅದು ಸಿಗುವ ಲಕ್ಷಣ ಕಾಣಲಿಲ್ಲ. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ: ಕಣ್ಣಿಗೆ ಕಾಣುವ, ಮತ ಕೇಳುವ ಯುದ್ಧಗಳನ್ನು ಜನಾಭಿಪ್ರಾಯ ಇಂದಿಗೂ ತಡೆಯಬಲ್ಲದು. ಆದರೆ ಮರು ವರ್ಷವೇ ಐಸಿಸ್ ಉಗ್ರ ಸಂಘಟನೆಯ ವಿರುದ್ಧ ಅದೇ ಸಿರಿಯಾದಲ್ಲಿ ಬಾಂಬು ದಾಳಿ ಆರಂಭವಾಯಿತು, ಆಗ ಹೊಸ ಮತ ಕೇಳಲಿಲ್ಲ. 2017ರಲ್ಲಿ ನೈಜರ್ ದೇಶದಲ್ಲಿ ನಾಲ್ವರು ಅಮೆರಿಕನ್ ಸೈನಿಕರು ಸತ್ತಾಗ, ಅಲ್ಲಿ ಅಷ್ಟು ದೊಡ್ಡ ಸೇನಾತುಕಡಿ ಇರುವುದು ತಮಗೆ ಗೊತ್ತಿರಲಿಲ್ಲವೆಂದು ಸೆನೆಟರ್ ಲಿಂಡ್ಸೆ ಗ್ರಹಾಂ ಅವರಂಥ ಹಿರಿಯ ಸದಸ್ಯರೇ ಹೇಳಿದರು. ಯುದ್ಧದಿಂದ ಬೇಸತ್ತ ಜನರನ್ನು ಓಲೈಸಿ ಮತ ಪಡೆದ ಡೊನಾಲ್ಡ್ ಟ್ರಂಪ್, ಯೆಮೆನ್ ಯುದ್ಧಕ್ಕೆ ನೀಡುತ್ತಿದ್ದ ನೆರವನ್ನು ನಿಲ್ಲಿಸಲು ಎರಡೂ ಸದನಗಳು 2019ರಲ್ಲಿ ಒಪ್ಪಿದ ನಿರ್ಣಯವನ್ನು ವೀಟೊ ಮಾಡಿದರು, 2025ರ ಜೂನ್‌ನಲ್ಲಿ ಕಾಂಗ್ರೆಸ್ಸಿನ ಮತವಿಲ್ಲದೆಯೇ ಇರಾನಿನ ಅಣು ಕೇಂದ್ರಗಳ ಮೇಲೆ ಬಾಂಬು ಹಾಕಿಸಿದರು.

ಈ ಚರ್ಚೆಯ ಅತ್ಯಂತ ನೋವಿನ ಅಂಶ ಇನ್ನೊಂದಿದೆ. ಮುಲ್ಲರ್ ಗುರುತಿಸಿದ ಅಳತೆಗೋಲು ಅಮೆರಿಕದ ಸಾವುಗಳದ್ದು. ಫಿಲಿಪಿನೊ, ವಿಯೆಟ್ನಾಮಿ, ಇರಾಕಿ ಸಾವುಗಳು ಅದರ ಮೇಲೆ ಗುರುತೇ ಮೂಡಿಸುವುದಿಲ್ಲ. ಮಾರ್ಟಿನ್ ಲೂಥರ್ ಕಿಂಗ್ 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ವಿಯೆಟ್ನಾಮಿನ ರೈತರ ಸಂಕಟದ ಕುರಿತು ಮಾತನಾಡಿದಾಗ, ಅವರ ನಾಗರಿಕ ಹಕ್ಕುಗಳ ಹೋರಾಟವನ್ನು ಮೆಚ್ಚಿದ್ದ ಪತ್ರಿಕೆಗಳೂ ಅವರನ್ನು ಖಂಡಿಸಿದವು. ಸತ್ತವರಲ್ಲಿ ತಮ್ಮವರನ್ನು ಮಾತ್ರ ಎಣಿಸುವ ಯುದ್ಧವಿರೋಧವು ತಮ್ಮವರು ಸಾಯದಂಥ ಯುದ್ಧದ ತಂತ್ರ ಕಂಡುಹಿಡಿದೊಡನೆ ನಿಶ್ಶಸ್ತ್ರವಾಗುತ್ತದೆ. ಡ್ರೋನ್, ಅಂದರೆ ಚಾಲಕನಿಲ್ಲದ ವಿಮಾನ, ಆ ತಂತ್ರದ ಪೂರ್ಣ ರೂಪ. ಈ ದೃಷ್ಟಿಯಿಂದ ಗಾಜಾ ಒಂದು ಹೊಸ ಸಂಗತಿ. ಅಲ್ಲಿ ಅಮೆರಿಕದ ಸೈನಿಕರು ಕದನದಲ್ಲಿರಲಿಲ್ಲವಾದರೂ ಇಸ್ರೇಲಿನ ಸೇನಾ ಕಾರ್ಯಾಚರಣೆಯನ್ನು ಒಪ್ಪದವರ ಪ್ರಮಾಣ ಗ್ಯಾಲಪ್ ಸಮೀಕ್ಷೆಯಲ್ಲಿ 2023ರ ನವೆಂಬರ್‌ನ 45 ಪ್ರತಿಶತದಿಂದ 2024ರ ಮಾರ್ಚ್‌ನಲ್ಲಿ 55 ಪ್ರತಿಶತಕ್ಕೇರಿತು, ಕೊಲಂಬಿಯಾ ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಪರರ ಮಕ್ಕಳಿಗಾಗಿ ಬೀದಿಗಿಳಿದರು. ಅಳತೆಗೋಲು ಬದಲಾಗಬಲ್ಲದೆಂಬ ಭರವಸೆಗೆ ಇದು ಆಧಾರ. ಆದರೆ 2024ರ ಏಪ್ರಿಲ್‌ನಲ್ಲಿ ಪ್ರತಿನಿಧಿ ಸಭೆ ಇಸ್ರೇಲಿಗೆ ನೆರವು ನೀಡುವ ಮಸೂದೆಯನ್ನು 366-58ರಿಂದ ಅಂಗೀಕರಿಸಿತು.

ಕಡ್ಡಾಯ ಸೇನಾಭರ್ತಿಯನ್ನು ಮರಳಿ ತರಬೇಕೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು, ಏಕೆಂದರೆ ಭರ್ತಿಯ ವ್ಯವಸ್ಥೆಯಿದ್ದೂ ವಿಯೆಟ್ನಾಂ ಯುದ್ಧ ನಿಲ್ಲಲು ವರ್ಷಗಳೇ ಹಿಡಿದವು ಮತ್ತು 58,000 ಯುವಕರನ್ನೂ ಲಕ್ಷಾಂತರ ವಿಯೆಟ್ನಾಮಿಗಳನ್ನೂ ಬಲಿಕೊಟ್ಟು ಬಂದ ವಿವೇಕ ಯಾರೂ ಬಯಸುವಂಥದಲ್ಲ. ಯುದ್ಧದ ವೆಚ್ಚಕ್ಕೆ ಅದೇ ವರ್ಷದ ತೆರಿಗೆ, ಪ್ರತಿಯೊಂದು ಯುದ್ಧಕ್ಕೂ ಕಾಲಮಿತಿಯುಳ್ಳ ಪ್ರತ್ಯೇಕ ಮತ, ಇವೆರಡನ್ನು ಜನ ತಮ್ಮ ಪ್ರತಿನಿಧಿಗಳಿಂದ ಕೇಳಿ ಪಡೆಯಬಹುದು. ಅಷ್ಟನ್ನೂ ಕೇಳದಿರುವವರೆಗೆ ಸಮೀಕ್ಷೆಗಳಲ್ಲಿ ಕಾಣುವ ಯುದ್ಧವಿರೋಧಕ್ಕೆ ರಾಜಕೀಯ ಬೆಲೆ ಬರುವುದಿಲ್ಲ.

2001ರ ಸೆಪ್ಟೆಂಬರ್ 14ರಂದು ಕಾಂಗ್ರೆಸ್ ಅಂಗೀಕರಿಸಿದ ಸೇನಾಬಲ ಬಳಕೆಯ ನಿರ್ಣಯದ ಚರಿತ್ರೆ ಈ ಮಾತಿಗೆ ಸಾಕ್ಷಿ. ಅಧಿಕಾರ ಕೊಡುವ ಭಾಗ 60 ಪದಗಳಷ್ಟೇ ಇರುವ ಆ ನಿರ್ಣಯಕ್ಕೆ ಸೆನೆಟ್ ಒಕ್ಕೊರಲಿನಿಂದ ಒಪ್ಪಿತು. ಪ್ರತಿನಿಧಿ ಸಭೆಯಲ್ಲಿ 420 ಮಂದಿ ಒಪ್ಪಿದರು, ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಒಬ್ಬರೇ ವಿರೋಧಿಸಿದರು. ಸೆಪ್ಟೆಂಬರ್ 11ರ ದಾಳಿಕೋರರಿಗೆಂದು ಬರೆದ ಅದನ್ನೇ ಮುಂದೆ ಯೆಮೆನ್, ಸೊಮಾಲಿಯಾ, ಸಿರಿಯಾಗಳವರೆಗೆ, ಆಗ ಹುಟ್ಟೇ ಇರದ ಸಂಘಟನೆಗಳವರೆಗೆ ಹಿಗ್ಗಿಸಲಾಯಿತು. 2017ರ ಜೂನ್‌ನಲ್ಲಿ ಅದನ್ನು ರದ್ದುಗೊಳಿಸುವ ಲೀ ಅವರ ತಿದ್ದುಪಡಿಯನ್ನು ವಿನಿಯೋಗ ಸಮಿತಿ ಎರಡೂ ಪಕ್ಷಗಳ ಬೆಂಬಲದೊಂದಿಗೆ ಒಪ್ಪಿತು, ಮರು ತಿಂಗಳು ಸಭೆಯ ನಾಯಕತ್ವ ಅದನ್ನು ಮತಕ್ಕೆ ಬರುವ ಮೊದಲೇ ಮಸೂದೆಯಿಂದ ಕಿತ್ತುಹಾಕಿತು. 2025ರ ಜನವರಿಯಲ್ಲಿ ಲೀ ಪ್ರತಿನಿಧಿ ಸಭೆಯಿಂದ ಹೊರಬಂದಾಗ ಆ ನಿರ್ಣಯ ಜಾರಿಯಲ್ಲೇ ಇತ್ತು.